ಪಾರ್ಸೆಲ್ಲಿನ ಬಾಡಿಗೆ ಯಾರ ಪಟ್ಟಿಗೆ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ರೈತನಿಗೆ ಅಂಗಡಿಯವರು ಪಟ್ಟಿ ಬರೆದುಕೊಡುತ್ತಾರೆ. ಚೀಲ ಎಷ್ಟು, ತೂಕ ಎಷ್ಟು, ಕ್ವಿಂಟಲ್‌ಗೆ ಏನು ದರ ಎಂಬುದು ಅದರಲ್ಲಿರುತ್ತದೆ. ಹಮಾಲಿ, ತೂಕದ ಕೂಲಿ, ಅಂಗಡಿಯೇ ಮುಂಗಡವಾಗಿ ಕೊಟ್ಟಿದ್ದರೆ ಗಾಡಿ ಬಾಡಿಗೆ, ಇವೂ ಇರುತ್ತವೆ. ಮೊತ್ತ ನೋಡಿ ರೈತನಿಗೆ ಸಮಾಧಾನವಾಗದಿರಬಹುದು, ದರದ ಬಗ್ಗೆ ಜಗಳವೂ ಆಗಬಹುದು. ಆದರೆ ಯಾವ ಹಣ ಯಾವ ಕೆಲಸಕ್ಕೆ ಹೋಯಿತು ಎಂದು ಬೆರಳಿಟ್ಟು ಕೇಳಲು ಅವನಿಗೆ ಒಂದು ಸಾಲು ಸಿಗುತ್ತದೆ. ಅದೇ ಮೆಣಸಿನಕಾಯಿ ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣವಾಗಿ ಮೊಬೈಲಿನ ಮೂಲಕ ಮಾರಾಟಕ್ಕೆ ನಿಂತಾಗ ಈ ಸಾಲು ಮಾಯವಾಗುತ್ತದೆ. ಒಂದೋ ‘ಡೆಲಿವರಿ ಉಚಿತ’ ಎಂದು ಬಾಡಿಗೆಯನ್ನು ಬೆಲೆಯೊಳಗೆ ಕರಗಿಸಿಬಿಡುತ್ತಾರೆ, ಇಲ್ಲವೇ ಬೆಲೆಯನ್ನು ಕಡಿಮೆ ತೋರಿಸಿ, ಹಣ ಕಟ್ಟುವ ಕೊನೆಯ ಹಂತದಲ್ಲಿ ಸಾಗಣೆ, ಪ್ಯಾಕಿಂಗ್, ‘ಹ್ಯಾಂಡ್ಲಿಂಗ್’ ಎಂದು ಒಂದರ ಮೇಲೊಂದು ಪೇರಿಸುತ್ತಾರೆ. ಎರಡೂ ದಾರಿಯಲ್ಲಿ ಯಾರೋ ಒಬ್ಬರು ತಮ್ಮ ಪಾಲಿನದಲ್ಲದ ಹಣವನ್ನು ಕೊಡುತ್ತಿರುತ್ತಾರೆ, ಮತ್ತು ಅದು ಅವರಿಗೆ ಗೊತ್ತಿರುವುದಿಲ್ಲ. ಸರಕಿನ ಬೆಲೆ ಬೇರೆ, ದಾರಿಯ ಖರ್ಚು ಬೇರೆ. ಎರಡನ್ನೂ ಮೊದಲೇ, ಒಟ್ಟಿಗೆ, ಬೇರೆ ಬೇರೆ ಸಾಲಿನಲ್ಲಿ ಹೇಳಬೇಕು. ದಾರಿಯ ಖರ್ಚಿನಲ್ಲಿ ಲಾಭ ಹುಡುಕಬಾರದು, ನಷ್ಟವನ್ನೂ ಹೊತ್ತುಕೊಳ್ಳಬಾರದು ಎಂಬುದು ನನ್ನ ವಾದ.

ಇದು ದೊಡ್ಡ ಕಂಪನಿಗಳಿಗಷ್ಟೇ ಸೇರಿದ ಪ್ರಶ್ನೆಯಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನಲ್ಲಿ ದೂರದ ಮನೆಗಳಿಗೆ ಕಳಿಸಬಲ್ಲ ಸರಕು ಬೇಕಾದಷ್ಟಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಡಬ್ಬಿ, ಕಡ್ಡಿ ಎಂಬ ಅದರ ಬಗೆಗಳನ್ನು ಈಗ ಬೆಂಗಳೂರಿನ ಅಡುಗೆಮನೆಯವರೂ ಕೇಳಿ ಕೊಳ್ಳುತ್ತಾರೆ. ಹಾವೇರಿಯ ಏಲಕ್ಕಿ ಹಾರ ಸನ್ಮಾನದ ವೇದಿಕೆಗಳಿಗೆ ಹೋಗುತ್ತದೆ. ಅಗಡಿಯಂಥ ಹಳ್ಳಿಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಖಾರದ ಪುಡಿ ಕುಟ್ಟಿ, ಕಟಕ ರೊಟ್ಟಿ ತಟ್ಟಿ ವಾಟ್ಸಾಪ್‌ನಲ್ಲಿ ಮಾರಬೇಕೆಂದರೆ ಇಂದು ಅಡ್ಡಿ ಇರುವುದು ಕೊಳ್ಳುವವರ ಕೊರತೆಯಲ್ಲಿ ಅಲ್ಲ, ಕಳಿಸುವ ಲೆಕ್ಕದಲ್ಲಿ. ಲಾರಿಯಲ್ಲಿ ಹತ್ತಾರು ಚೀಲ ಹೋಗುವಾಗ ಬಾಡಿಗೆ ಕಿಲೋ ಒಂದಕ್ಕೆ ಪುಡಿಗಾಸು. ಒಂದೇ ಕಿಲೋ ಪೊಟ್ಟಣ ಕಟ್ಟಿ ಕಳಿಸುವಾಗ ಬಾಡಿಗೆ ಸರಕಿನ ಬೆಲೆಯ ಐದನೇ ಒಂದು ಪಾಲು, ನಾಲ್ಕನೇ ಒಂದು ಪಾಲು ಆಗಿಬಿಡಬಹುದು. ಲಾರಿ ವ್ಯವಹಾರದಲ್ಲಿ ಈ ಪ್ರಶ್ನೆಗೆ ಹಳೆಯ, ನೇರವಾದ ಉತ್ತರವಿದೆ: ರಸೀದಿಯ ಮೇಲೆ ‘ಪೇಯ್ಡ್’ ಎಂದಿದ್ದರೆ ಬಾಡಿಗೆ ಕಳಿಸಿದವನದು, ‘ಟು ಪೇ’ ಎಂದಿದ್ದರೆ ಬಿಡಿಸಿಕೊಳ್ಳುವವನದು. ಮಾಲು ಹತ್ತುವ ಮೊದಲೇ ಇಬ್ಬರಿಗೂ ಗೊತ್ತು. ಚಿಲ್ಲರೆ ವ್ಯಾಪಾರ ಮೊಬೈಲಿಗೆ ಬಂದಾಗ ಈ ಸ್ಪಷ್ಟತೆಯನ್ನೂ ಜೊತೆಗೆ ತರಬೇಕಿತ್ತು.

ಕಾನೂನಿನಲ್ಲೂ ಇದಕ್ಕೆ ಆಧಾರವಿದೆ. 1930ರ ಸರಕು ಮಾರಾಟ ಕಾಯ್ದೆಯ 36ನೇ ಕಲಮಿನ ಪ್ರಕಾರ, ಬೇರೆ ಮಾತುಕತೆ ಇಲ್ಲದಿದ್ದರೆ, ಮಾರಾಟದ ಹೊತ್ತಿಗೆ ಸರಕು ಎಲ್ಲಿದೆಯೋ ಅಲ್ಲಿಯೇ ಅದನ್ನು ಒಪ್ಪಿಸಿದರೆ ಸಾಕು. ಅಂದರೆ ಮನೆ ಬಾಗಿಲಿಗೆ ತಲುಪಿಸುವುದು ಮಾರುವವನ ಮೇಲೆ ತಾನಾಗಿ ಬೀಳುವ ಹೊಣೆಯಲ್ಲ. ಅದು ಇಬ್ಬರೂ ಸೇರಿ ಒಪ್ಪಿಕೊಳ್ಳುವ ಬೇರೆಯದೇ ಕೆಲಸ. ಆದರೆ ಅದೇ ಕಲಮು, ಸರಕನ್ನು ಒಪ್ಪಿಸಬಲ್ಲ ಸ್ಥಿತಿಗೆ ತರುವ ಖರ್ಚು ಮಾರುವವನದು ಎಂದೂ ಹೇಳುತ್ತದೆ. ಸುಮಾರು ನೂರು ವರ್ಷ ಹಳೆಯದಾದ ಈ ಗೆರೆ ಇವತ್ತಿನ ಗೊಂದಲಕ್ಕೆ ಬಹಳ ಉಪಯೋಗದ್ದು. ತೊಟ್ಟು ಬಿಡಿಸುವುದು, ತೂಗುವುದು, ಕವರಿಗೆ ತುಂಬಿ ಸೀಲ್ ಮಾಡುವುದು, ರಟ್ಟಿನ ಪೆಟ್ಟಿಗೆ, ಟೇಪು, ಅದನ್ನು ಕಟ್ಟುವವಳ ಕೂಲಿ ಎಲ್ಲವೂ ಸರಕನ್ನು ಸಿದ್ಧಪಡಿಸುವ ಖರ್ಚು. ಅದರ ಜಾಗ ಸರಕಿನ ಬೆಲೆಯೊಳಗೆ. ಪೆಟ್ಟಿಗೆ ಅಂಚೆ ಕಚೇರಿಯ ಅಥವಾ ಕೊರಿಯರ್ ಅಂಗಡಿಯ ತಕ್ಕಡಿ ಏರಿದ ಮೇಲಿನದು ದಾರಿಯ ಖರ್ಚು. ‘ಹ್ಯಾಂಡ್ಲಿಂಗ್ ಶುಲ್ಕ’ ಎಂಬ ಸಾಲು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಸಿದ್ಧತೆಯ ಖರ್ಚನ್ನು ಬೆಲೆಯಿಂದ ಹೊರಗೆ ತೆಗೆದು, ಬೆಲೆ ಅಗ್ಗವೆಂದು ತೋರಿಸಿ, ಮತ್ತೆ ಹಿಂಬಾಗಿಲಿನಿಂದ ವಸೂಲು ಮಾಡುವ ದಾರಿ ಅದು.

ಈಗ ದಾರಿಯ ಖರ್ಚು ನಿಜಕ್ಕೂ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ ಅರ್ಧ ಕಿಲೋ ಹಂತಗಳಲ್ಲಿ ದರ ಹಾಕುತ್ತವೆ. ಒಂದು ಕಿಲೋ ಮೆಣಸಿನಕಾಯಿಯನ್ನು ಪೆಟ್ಟಿಗೆಗೆ ಹಾಕಿದರೆ ತೂಕ ಒಂದು ಕಿಲೋ ನೂರು ಗ್ರಾಂ ಆಗುತ್ತದೆ. ಆ ನೂರು ಗ್ರಾಂನಿಂದಾಗಿ ದರ ಒಂದೂವರೆ ಕಿಲೋದ್ದಾಗುತ್ತದೆ. ಒಂಬೈನೂರು ಗ್ರಾಂ ಪೊಟ್ಟಣ ಮಾಡಿದ್ದರೆ ಒಂದೇ ಕಿಲೋ ಹಂತದಲ್ಲಿ ಮುಗಿಯುತ್ತಿತ್ತು. ಇದಕ್ಕಿಂತ ದೊಡ್ಡ ಹೊಡೆತ ಗಾತ್ರದ ತೂಕದ್ದು. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 5000ದಿಂದ ಭಾಗಿಸಿದರೆ ಸಿಗುವ ಕಿಲೋ ಲೆಕ್ಕವನ್ನು ಅನೇಕ ಕಂಪನಿಗಳು ಬಳಸುತ್ತವೆ; ತಕ್ಕಡಿಯ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ಬ್ಯಾಡಗಿ ಮೆಣಸಿನಕಾಯಿ ಸುಕ್ಕುಗಟ್ಟಿದ, ಹಗುರವಾದ, ಜಾಗ ನುಂಗುವ ಸರಕು. ಅದನ್ನು 30, 20, 20 ಸೆಂಟಿಮೀಟರ್ ಪೆಟ್ಟಿಗೆಯಲ್ಲಿ ಕಳಿಸಿದರೆ ಗಾತ್ರದ ತೂಕ 2.4 ಕಿಲೋ, ದರ ಎರಡೂವರೆ ಕಿಲೋದ್ದು. ಅದೇ ಒಂದು ಕಿಲೋ ಪುಡಿಯಾದರೆ 20, 15, 10 ಸೆಂಟಿಮೀಟರ್ ಪೆಟ್ಟಿಗೆ ಸಾಕು. ಗಾತ್ರದ ತೂಕ 0.6 ಕಿಲೋ ಮಾತ್ರ, ತಕ್ಕಡಿಯ ತೂಕವೇ ಲೆಕ್ಕಕ್ಕೆ ಬರುತ್ತದೆ. ಏಲಕ್ಕಿ ಹಾರದ್ದು ಇನ್ನೂ ಕಷ್ಟ. ಹಾರ ನಲುಗಬಾರದೆಂದು 40, 30, 10 ಸೆಂಟಿಮೀಟರ್ ಪೆಟ್ಟಿಗೆಯಲ್ಲಿ ಹರಡಿ ಇಟ್ಟರೆ, ಒಳಗಿರುವುದು ಕೆಲವು ನೂರು ಗ್ರಾಂ ಆದರೂ ದರ ಬೀಳುವುದು ಮತ್ತೆ 2.4 ಕಿಲೋಗೆ. ಇಡೀ ಕಾಯಿಗೂ ಪುಡಿಗೂ ಹಾರಕ್ಕೂ ಒಂದೇ ಸಾಗಣೆ ದರ ಹಾಕುವವರು ಪುಡಿ ಕೊಂಡವರಿಂದ ಹೆಚ್ಚು ವಸೂಲು ಮಾಡಿ ಕಾಯಿ ಕೊಂಡವರಿಗೆ ಕೊಡುತ್ತಿರುತ್ತಾರೆ. ಕೊರಿಯರ್ ಬಿಲ್ಲಿನ ಮೇಲೆ ಜಿಎಸ್‌ಟಿ ಬೇರೆ. ನೋಂದಣಿ ಇಲ್ಲದ ಸಣ್ಣ ಮಾರಾಟಗಾರರಿಗೆ ಅದು ವಾಪಸು ಸಿಗುವ ಹಣವಲ್ಲವಾದ್ದರಿಂದ ಅದನ್ನೂ ದಾರಿಯ ಖರ್ಚಿಗೇ ಸೇರಿಸಬೇಕು.

ಇಷ್ಟೆಲ್ಲ ತಲೆನೋವಿಗಿಂತ ‘ಡೆಲಿವರಿ ಉಚಿತ’ ಎಂದುಬಿಡುವುದು ಸುಲಭವಲ್ಲವೇ? ಲೆಕ್ಕದ ಅನುಕೂಲಕ್ಕೆ ಕೆಲವು ಅಂಕಿ ಹಿಡಿದು ನೋಡೋಣ. ಕಿಲೋ ಮೆಣಸಿನಕಾಯಿಯ ಬೆಲೆ 500 ರೂಪಾಯಿ, ಅರ್ಧ ಕಿಲೋ ಕಳಿಸಲು 80, ಒಂದು ಕಿಲೋ ಕಳಿಸಲು 100, ಐದು ಕಿಲೋ ಒಟ್ಟಿಗೆ ಕಳಿಸಲು 300 ರೂಪಾಯಿ ಎಂದುಕೊಳ್ಳಿ. ಮಾರುವವರು ಕಿಲೋಗೆ 600 ಎಂದು ಬೆಲೆ ಹಾಕಿ ಡೆಲಿವರಿ ಉಚಿತ ಎನ್ನುತ್ತಾರೆ. ಒಂದು ಕಿಲೋ ಕೊಂಡವರಿಗೆ ಲೆಕ್ಕ ಸರಿಯಾಗಿದೆ. ಐದು ಕಿಲೋ ಕೊಂಡವರು 3000 ಕೊಡುತ್ತಾರೆ, ಅವರ ನಿಜವಾದ ಖರ್ಚು 2800. ಹೆಚ್ಚಾಗಿ ಕೊಂಡ ತಪ್ಪಿಗೆ 200 ರೂಪಾಯಿ ದಂಡ. ಅರ್ಧ ಕಿಲೋ ಕೊಂಡವರು 300 ಕೊಡುತ್ತಾರೆ, ಖರ್ಚು 330; ಆ 30 ರೂಪಾಯಿ ಮಾರುವವಳ ಕೈಯಿಂದ ಹೋಗುತ್ತದೆ. ಪಕ್ಕದ ಓಣಿಯಿಂದ ಬಂದು ಕೈಯಲ್ಲೇ ಒಯ್ಯುವವರಿಗೂ ಅದೇ 600 ಹೇಳಿದರೆ, ಯಾವ ಪೆಟ್ಟಿಗೆಯೂ ಯಾವ ದಾರಿಯೂ ಇಲ್ಲದೆ 100 ರೂಪಾಯಿ ತೆತ್ತಂತಾಯಿತು. ಉಚಿತ ಡೆಲಿವರಿಯ ಭಾರ ಬೀಳುವುದು ಹತ್ತಿರದವರ ಮೇಲೆ, ಕೂಡಿಸಿ ಕೊಳ್ಳುವ ಜಾಣರ ಮೇಲೆ, ಮತ್ತು ಸಣ್ಣ ಆರ್ಡರುಗಳು ಹೆಚ್ಚಾದಂತೆ ಮಾರುವವರ ಮೇಲೆ. ದೊಡ್ಡ ಕಂಪನಿ ಲಕ್ಷಾಂತರ ಆರ್ಡರುಗಳ ಸರಾಸರಿಯಲ್ಲಿ ಇದನ್ನು ತೂಗಿಸಿಕೊಳ್ಳುತ್ತದೆ. ತಿಂಗಳಿಗೆ ಮೂವತ್ತು ನಲವತ್ತು ಪೊಟ್ಟಣ ಕಳಿಸುವ ಸಂಘಕ್ಕೆ ಸರಾಸರಿ ಎಂಬುದೇ ಇರುವುದಿಲ್ಲ. ಒಂದು ತಿಂಗಳು ಅಸ್ಸಾಮಿನಿಂದ ನಾಲ್ಕು ಆರ್ಡರು ಬಂದರೆ ಆ ತಿಂಗಳ ಲಾಭ ಅಲ್ಲಿಗೇ ಮುಗಿಯಿತು.

ಇದರ ಎದುರು ತುದಿಯ ತಪ್ಪು ಬೆಲೆ ತಗ್ಗಿಸಿ ಸಾಗಣೆಯನ್ನು ಉಬ್ಬಿಸುವುದು. ಇಬೇ ಜಾಲತಾಣದಲ್ಲಿ ಇದು ಒಂದು ಕಾಲಕ್ಕೆ ರೂಢಿಯೇ ಆಗಿತ್ತು. ತಾಣ ಕಮಿಷನ್ ಹಿಡಿಯುತ್ತಿದ್ದುದು ಸರಕಿನ ಬೆಲೆಯ ಮೇಲೆ ಮಾತ್ರ. ಆದ್ದರಿಂದ ಬೆಲೆಯನ್ನು ಕೆಲವೇ ಸೆಂಟುಗಳಿಗೆ ಇಳಿಸಿ, ಸಾಗಣೆಯ ಹೆಸರಿನಲ್ಲಿ ಡಾಲರುಗಟ್ಟಲೆ ಎತ್ತುವವರು ಹುಟ್ಟಿಕೊಂಡರು. 2011ರಲ್ಲಿ ಅಮೆರಿಕದಲ್ಲಿ ಇಬೇ ಸಾಗಣೆಯ ಮೊತ್ತದ ಮೇಲೂ ಕಮಿಷನ್ ಹಾಕಲು ಶುರುಮಾಡಿತು. ತಂಜಿಮ್ ಹುಸೇನ್ ಮತ್ತು ಜಾನ್ ಮಾರ್ಗನ್ ಎಂಬ ಅರ್ಥಶಾಸ್ತ್ರಜ್ಞರು ಅದೇ ತಾಣದಲ್ಲಿ ಸಂಗೀತದ ಸಿಡಿ, ವಿಡಿಯೊ ಆಟಗಳನ್ನು ಹರಾಜಿಗಿಟ್ಟು ಪ್ರಯೋಗ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಆರಂಭದ ಬೆಲೆ ಮತ್ತು ಸಾಗಣೆ ಸೇರಿ ಒಟ್ಟು ಮೊತ್ತ ಒಂದೇ ಇದ್ದರೂ, ಬೆಲೆ ಕಡಿಮೆ ಸಾಗಣೆ ಹೆಚ್ಚು ಎಂದು ತೋರಿಸಿದಾಗ ಕೂಗುವವರು ಹೆಚ್ಚಾದರು, ಮಾರುವವರಿಗೆ ಹಣವೂ ಹೆಚ್ಚು ಬಂತು; ಸಾಗಣೆ ಮೊತ್ತ ಸರಕಿನ ಬೆಲೆಯ ಎದುರು ತೀರಾ ದೊಡ್ಡದಾದಾಗ ಮಾತ್ರ ಈ ಪರಿಣಾಮ ನಿಲ್ಲಲಿಲ್ಲ. ಕೊಳ್ಳುವವರ ಕಣ್ಣು ಮೊದಲ ಅಂಕಿಯ ಮೇಲೇ ನಿಲ್ಲುತ್ತದೆ, ಎರಡನೆಯದನ್ನು ಅವರು ಸರಿಯಾಗಿ ಕೂಡಿಸಿಕೊಳ್ಳುವುದಿಲ್ಲ ಎಂಬುದಕ್ಕೆ ಇದು ಪುರಾವೆ. ಹಾಗಾಗಿ ‘ಜನ ಒಪ್ಪಿಯೇ ಹಣ ಕೊಟ್ಟಿದ್ದಾರಲ್ಲ’ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಗಮನಕ್ಕೆ ಬಾರದ ಹಾಗೆ ಇಟ್ಟದ್ದಕ್ಕೆ ಸಿಕ್ಕ ಒಪ್ಪಿಗೆ ಒಪ್ಪಿಗೆಯಲ್ಲ.

ನಮ್ಮ ದೇಶದ ನಿಯಮಗಳೂ ಇದನ್ನು ಗುರುತಿಸಿವೆ. 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿ ಮಾರುವವರು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು, ಜೊತೆಗೆ ಅದರ ವಿಂಗಡಣೆಯನ್ನೂ ಕೊಡಬೇಕು. ಡೆಲಿವರಿ, ಅಂಚೆ, ನಿರ್ವಹಣೆ ಶುಲ್ಕ, ತೆರಿಗೆ ಎಲ್ಲವೂ ಆ ವಿಂಗಡಣೆಯಲ್ಲಿರಬೇಕು. ಸರಕು ಹಿಂದಿರುಗಿಸುವಾಗಿನ ಸಾಗಣೆ ಖರ್ಚು ಯಾರದು ಎಂಬುದನ್ನೂ ಮೊದಲೇ ಹೇಳಿರಬೇಕು. 2023ರ ನವೆಂಬರ್ 30ರಂದು ಹೊರಬಿದ್ದ ಮಾರ್ಗಸೂಚಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಪಟ್ಟಿಮಾಡಿತು. ಬೆಲೆಯನ್ನು ಹನಿಹನಿಯಾಗಿ ಹೊರಗೆಡವಿ ಕೊನೆಗೆ ಹೆಚ್ಚು ಕೇಳುವುದು ಅದರಲ್ಲಿ ಒಂದು. ಒಟ್ಟು ಅಂಕಿಯೂ ಬೇಕು, ಒಡೆದ ಅಂಕಿಯೂ ಬೇಕು ಎಂಬುದೇ ಇದರ ತಿರುಳು. ಒಟ್ಟು ಮಾತ್ರ ಹೇಳಿದರೆ ಉಚಿತ ಡೆಲಿವರಿಯ ಅಡ್ಡಹಂಚಿಕೆ ಕಾಣುವುದಿಲ್ಲ, ಒಡೆದದ್ದು ಮಾತ್ರ ಹೇಳಿದರೆ ಜನ ಕೂಡಿಸಿಕೊಳ್ಳುವುದಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಕ್ಕೆ ಉತ್ತರಿಸಬೇಕು. ನಿಜವಾದ ಖರ್ಚನ್ನೇ ಹಾಕುವುದಾದರೆ ದೂರದವನು ಹೆಚ್ಚು ಕೊಡಬೇಕಾಗುತ್ತದೆ. ದೂರದಲ್ಲಿ ಹುಟ್ಟಿದ್ದು ಅವನ ತಪ್ಪೇ, ಅಂಚೆ ಇಲಾಖೆ ದೇಶಕ್ಕೆಲ್ಲ ಒಂದೇ ದರದ ಸ್ಟಾಂಪು ಕೊಟ್ಟದ್ದು ನ್ಯಾಯವಲ್ಲವೇ ಎಂದು ಕೇಳಬಹುದು. ಆ ಒಂದೇ ದರದ ಹಿಂದೆ ದಾನಬುದ್ಧಿಗಿಂತ ಹೆಚ್ಚಾಗಿ ಲೆಕ್ಕವಿತ್ತು. ಇಂಗ್ಲೆಂಡಿನ ರೋಲೆಂಡ್ ಹಿಲ್ 1837ರಲ್ಲಿ ಅಂಚೆಯ ಖರ್ಚನ್ನು ಬಿಡಿಸಿ ನೋಡಿದಾಗ, ಲಂಡನ್ನಿನಿಂದ ಎಡಿನ್‌ಬರೊಗೆ ಒಂದು ಪತ್ರ ಒಯ್ಯಲು ತಗಲುವ ಸಾಗಣೆ ವೆಚ್ಚ ಪೆನ್ನಿಯ ಮೂವತ್ತಾರನೇ ಒಂದು ಭಾಗ ಮಾತ್ರ ಎಂದು ಕಂಡಿತು. ಉಳಿದ ಖರ್ಚೆಲ್ಲ ಪತ್ರ ಸಂಗ್ರಹಿಸಿ, ವಿಂಗಡಿಸಿ, ಹಂಚುವುದರದು, ಅದು ಹತ್ತಿರಕ್ಕೂ ದೂರಕ್ಕೂ ಒಂದೇ. ಆದ್ದರಿಂದ ಪತ್ರಕ್ಕೆ ಒಂದೇ ದರವೇ ನಿಜವಾದ ದರಕ್ಕೆ ಹತ್ತಿರವಾಗಿತ್ತು. 1840ರಲ್ಲಿ ಬ್ರಿಟನ್ನಿನಲ್ಲಿ, 1854ರಲ್ಲಿ ಭಾರತದಲ್ಲಿ ದೂರ ನೋಡದ ಅಂಚೆ ದರ ಬಂದದ್ದು ಹೀಗೆ. ಇಂದಿಗೂ ಆ ತರ್ಕ ಸುಳ್ಳಾಗಿಲ್ಲ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಸ್ಪೀಡ್ ಪೋಸ್ಟ್ ದರದಲ್ಲಿ 50 ಗ್ರಾಂವರೆಗಿನ ಲಕೋಟೆಗೆ ಸ್ಥಳೀಯವಾಗಿ 19 ರೂಪಾಯಿ, ಹೊರಗಿನ ಯಾವ ಊರಿಗಾದರೂ 47. ಅರ್ಧ ಕಿಲೋ ಹಂತದ ಲಕೋಟೆಗೆ 200 ಕಿಲೋಮೀಟರ್ ಒಳಗೆ 70 ರೂಪಾಯಿ, 2000 ಕಿಲೋಮೀಟರ್ ದಾಟಿದರೆ 93, ತೆರಿಗೆ ಬೇರೆ. ದೂರ ಹತ್ತು ಪಟ್ಟು ಹೆಚ್ಚಿದರೂ ದರ ಮೂರನೇ ಒಂದು ಭಾಗದಷ್ಟೇ ಏರಿದೆ. ಹಗುರ ಸರಕಿಗೆ ಬೀದರಿಗೂ ಚಾಮರಾಜನಗರಕ್ಕೂ ಒಂದೇ ದರ ಹಾಕಿದರೆ ಅನ್ಯಾಯವಾಗುವುದಿಲ್ಲ. ವ್ಯತ್ಯಾಸ ಐದು ಹತ್ತು ರೂಪಾಯಿಯದು, ಲೆಕ್ಕದ ಸರಳತೆಗೆ ಅಷ್ಟು ಕೊಡಬಹುದು. ತೂಕ ಎರಡು ಮೂರು ಕಿಲೋ ದಾಟಿದ ಮೇಲೆ ದೂರದ ಪಾಲು ದೊಡ್ಡದಾಗುತ್ತದೆ. ಅಲ್ಲಿ ರಾಜ್ಯದೊಳಗೆ ಒಂದು, ದಕ್ಷಿಣದ ರಾಜ್ಯಗಳಿಗೆ ಒಂದು, ಉಳಿದ ದೇಶಕ್ಕೆ ಒಂದು ಎಂದು ದರ ಬೇರೆಯಾಗಬೇಕು. ದೂರದವನ ಮೇಲಿನ ಕರುಣೆಯ ಖರ್ಚನ್ನು ಹತ್ತಿರದವನಿಗೆ ಹೇಳದೆ ಅವನಿಂದ ವಸೂಲು ಮಾಡುವುದು ಸರಿಯಲ್ಲ.

ಇನ್ನೊಂದು ಆಕ್ಷೇಪ ಅನುಭವಸ್ಥ ಮಾರಾಟಗಾರರದು: ಸಾಗಣೆ ಬೇರೆ ಎಂದರೆ ಗಿರಾಕಿ ಓಡಿಹೋಗುತ್ತಾನೆ. ಕೆಲವರು ಹೋಗುತ್ತಾರೆ, ನಿಜ. ಆದರೆ ಜನ ಸಿಡುಕುವುದು ಸಾಗಣೆ ದರ ಇದೆ ಎಂಬುದಕ್ಕಿಂತ ಅದು ಕೊನೆಯಲ್ಲಿ ಹಠಾತ್ತನೆ ಎದುರಾಗುತ್ತದೆ ಎಂಬುದಕ್ಕೆ. ‘ಕಾಯಿ ಕಿಲೋಗೆ 500, ರಾಜ್ಯದೊಳಗೆ ಸಾಗಣೆ 100, ಒಟ್ಟು 600, ಎರಡು ಕಿಲೋ ಕೊಂಡರೆ ಸಾಗಣೆ 150’ ಎಂದು ಮೊದಲ ಚಿತ್ರದ ಮೇಲೇ ಬರೆದರೆ ಅದೇ ಒಂದು ಆಹ್ವಾನವಾಗುತ್ತದೆ. ಅಕ್ಕಪಕ್ಕದ ಎರಡು ಮನೆಯವರು ಸೇರಿ ತರಿಸಿಕೊಳ್ಳುತ್ತಾರೆ, ವರ್ಷದ ಖಾರಕ್ಕೆ ಬೇಕಾದದ್ದನ್ನು ಒಂದೇ ಸಲ ಹೇಳುತ್ತಾರೆ. ಕೂಡಿಸಿ ಕೊಂಡಾಗ ಉಳಿದ ಬಾಡಿಗೆಯನ್ನು ಕೊಂಡವರಿಗೇ ಬಿಟ್ಟುಕೊಡಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಎರಡು ಪೊಟ್ಟಣಕ್ಕೆ ಎರಡು ಸಾಗಣೆ ದರ ಹಾಕಿ ಒಂದೇ ಪೆಟ್ಟಿಗೆಯಲ್ಲಿ ಕಳಿಸುವುದು ಮಾಡದ ಕೆಲಸಕ್ಕೆ ಕೂಲಿ ಪಡೆದಂತೆ. ಅಗ್ಗದ ದಾರಿಯ ಆಯ್ಕೆಯನ್ನೂ ಕೊಡಬೇಕು. ಸಾರಿಗೆ ಬಸ್ಸುಗಳಲ್ಲಿ 2021ರಿಂದ ‘ನಮ್ಮ ಕಾರ್ಗೋ’ ಸೇವೆ ಇದೆ; ಹೆದ್ದಾರಿ 48ರ ಮೇಲಿರುವ ಹಾವೇರಿ, ರಾಣೆಬೆನ್ನೂರಿನಿಂದ ದಾವಣಗೆರೆಗೆ, ಹುಬ್ಬಳ್ಳಿಗೆ, ಬೆಂಗಳೂರಿಗೆ ಬಸ್ಸಿನ ಬರವಿಲ್ಲ. ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳಲು ಸಿದ್ಧನಿರುವ ಗಿರಾಕಿ ಮನೆ ಬಾಗಿಲಿನ ದರ ಯಾಕೆ ಕೊಡಬೇಕು? ಪುಸ್ತಕ ಮಾರುವವರಿಗೆ ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಕೊಟ್ಟಿದೆ, 300 ಗ್ರಾಂಗೆ 20 ರೂಪಾಯಿಯಿಂದ ಶುರುವಾಗಿ ಐದು ಕಿಲೋಗೆ 100 ರೂಪಾಯಿ. ಆ ದರದಲ್ಲಿ ಕಳಿಸಿ ಕೊರಿಯರ್ ದರ ವಸೂಲು ಮಾಡುವವರಿಗೆ ಸಮರ್ಥನೆಯೇ ಇಲ್ಲ.

‘ಹಳ್ಳಿಯ ಹೆಣ್ಣುಮಗಳು ಈ ಗುಣಾಕಾರ ಭಾಗಾಕಾರ ಎಲ್ಲಿ ಮಾಡಿಯಾಳು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಂಘದ ಉಳಿತಾಯ, ಸಾಲ, ಬಡ್ಡಿಯ ಪುಸ್ತಕ ಬರೆಯುವವರು ಅವರೇ. ಪೆಟ್ಟಿಗೆಯ ಮೂರು ಅಳತೆ, ಪ್ರತಿಯೊಂದಕ್ಕೂ ತೂಕದ ಮಿತಿ, ಮೂರು ವಲಯಕ್ಕೆ ಮೂರು ದರ ಎಂದು ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದರೆ ದಿನದ ಕೆಲಸ ನಡೆಯುತ್ತದೆ. ದರ ಏರಿದಾಗ ಹಾಳೆ ಬದಲಿಸಿದರಾಯಿತು. ಅಗಡಿಯಿಂದ ಹಾವೇರಿಗೆ ಪಾರ್ಸೆಲ್ ಒಯ್ಯುವ ಖರ್ಚು, ಅದಕ್ಕೆ ಹೋಗುವ ಅರ್ಧ ದಿನ, ಇವನ್ನು ಮಾತ್ರ ಅವರು ಹೆಚ್ಚಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ದಾರಿಯ ಖರ್ಚಿನ ಮೊದಲ ಹೆಜ್ಜೆ; ಅಂದು ಹೊರಡುವ ಪಾರ್ಸೆಲ್ಲುಗಳಿಗೆಲ್ಲ ಅದನ್ನು ಹಂಚಿ, ಸಾಗಣೆ ದರದಲ್ಲಿ ಸೇರಿಸಿ, ಹಾಗೆಂದು ಹೇಳಿಯೇ ಪಡೆಯಬೇಕು. ವಾರಕ್ಕೆ ಎರಡು ದಿನ ಮಾತ್ರ ಕಳಿಸುತ್ತೇವೆ ಎಂದರೆ ಆ ಹಂಚಿಕೆ ಚಿಕ್ಕದಾಗುತ್ತದೆ. ಮಾರುವವಳ ಶ್ರಮವನ್ನು ಸೊನ್ನೆಗೆ ಹಿಡಿಯುವ ದರಪಟ್ಟಿಯೂ ಅನ್ಯಾಯದ್ದೇ.

ಅಗಡಿಗೆ ಅಂಚೆಯ ಮೂಲಕ ವ್ಯವಹಾರ ಹೊಸದೇನಲ್ಲ. ಕಳೆದ ಶತಮಾನದ ಮೊದಲ ದಶಕದಲ್ಲಿ ಇಲ್ಲಿನ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟು, ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದುಹೋಗಿದ್ದ ಕಾಲದಲ್ಲಿ ಅಂಚೆಯಲ್ಲಿ ಓದುಗರನ್ನು ತಲುಪುತ್ತಿತ್ತು. ಅದನ್ನು ನಡೆಸಿದ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ, ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರಿಗೆ ಒಯ್ದು ಮಾರಿದವರೆಂದು ನಾಡು ನೆನೆಯುತ್ತದೆ. ಆ ಸಾಗಣೆಯ ಖರ್ಚು ಯಾವ ಓದುಗನ ಬಿಲ್ಲಿಗೂ ಬೀಳಲಿಲ್ಲ, ಆದರೆ ಅದನ್ನು ಅವರ ಮೈ ತೆತ್ತಿತು. ಪುಸ್ತಕದ ಜಾಹೀರಾತುಗಳಲ್ಲಿ ‘ಅಂಚೆ ವೆಚ್ಚ ಬೇರೆ’ ಎಂಬ ಸಾಲು ಕನ್ನಡ ಓದುಗರಿಗೆ ತಲೆಮಾರುಗಳಿಂದ ಪರಿಚಿತ, ಯಾರೂ ಅದಕ್ಕೆ ಸಿಡುಕಿದವರಲ್ಲ. ಆ ಕಾಲದ ವಿ.ಪಿ. ಪದ್ಧತಿಯಲ್ಲಿ ತರಿಸಿಕೊಂಡವರು ಪೋಸ್ಟ್‌ಮನ್ ಕೈಗೆ ಹಣ ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳಬೇಕಿತ್ತು. ಬೇಡವೆಂದರೆ ಅದು ವಾಪಸು ಹೋಗುತ್ತಿತ್ತು, ಅಂಚೆಯ ಖರ್ಚು ಕಳಿಸಿದವರ ತಲೆಗೆ. ಇಂದಿನ ‘ಕ್ಯಾಶ್ ಆನ್ ಡೆಲಿವರಿ’ಯಲ್ಲಿ ಅದೇ ತೊಂದರೆ ಇನ್ನೂ ದೊಡ್ಡದಾಗಿದೆ. ಗಿರಾಕಿ ಮನಸ್ಸು ಬದಲಿಸಿ ಬಾಗಿಲಲ್ಲೇ ಬೇಡ ಎಂದರೆ ಮಾರುವವಳಿಗೆ ಹೋದ ಬಾಡಿಗೆಯ ಜೊತೆ ಬಂದ ಬಾಡಿಗೆಯೂ ಬೀಳುತ್ತದೆ, ಹಾರ ನಲುಗಿ ರೊಟ್ಟಿ ಮುರಿದು ಬಂದಿರುತ್ತದೆ. ಅನೇಕರು ಈ ನಷ್ಟವನ್ನು ಎಲ್ಲರ ಸಾಗಣೆ ದರದಲ್ಲಿ ಹಂಚಿಬಿಡುತ್ತಾರೆ. ಅಂದರೆ ಮುಂಗಡ ಹಣ ಕಟ್ಟಿದ, ಮಾತಿಗೆ ನಿಂತ ಗಿರಾಕಿ ಮಾತು ತಪ್ಪಿದವನ ಬಾಡಿಗೆ ಕಟ್ಟುತ್ತಾನೆ.

ಇಲ್ಲಿ ತಪ್ಪು ಯಾರದೋ ಖರ್ಚು ಅವರದು ಎಂಬ ನಿಯಮವನ್ನು ಮೊದಲೇ ಬರೆದಿಡುವುದು ಸರಿ. ಡಬ್ಬಿ ಎಂದು ಹೇಳಿ ಬೇರೆ ಕಾಯಿ ಕಳಿಸಿದ್ದರೆ, ತೂಕ ಕಡಿಮೆ ಇದ್ದರೆ, ಪ್ಯಾಕಿಂಗ್ ಸಡಿಲವಾಗಿ ಪುಡಿ ಚೆಲ್ಲಿದ್ದರೆ ಎರಡೂ ಕಡೆಯ ಬಾಡಿಗೆಯನ್ನು ಮಾರಿದವರು ತುಂಬಿಕೊಡಬೇಕು, ವಾದ ಮಾಡದೆ. ಸರಕು ಸರಿಯಾಗಿದ್ದು ಕೊಂಡವರ ಮನಸ್ಸು ಬದಲಾಗಿದ್ದರೆ ಹೋಗಿ ಬರುವ ಬಾಡಿಗೆ ಅವರದು. ಅದನ್ನು ಆಮೇಲೆ ವಸೂಲು ಮಾಡಲು ಆಗುವುದಿಲ್ಲ. ಆದ್ದರಿಂದ ಬಾಗಿಲಲ್ಲಿ ಹಣ ಕೊಡುತ್ತೇವೆ ಎನ್ನುವವರಿಂದ ಸಾಗಣೆಯಷ್ಟನ್ನು ಮುಂಗಡ ಪಡೆದು, ಸರಕಿನ ಬೆಲೆಯನ್ನು ಮಾತ್ರ ಬಾಗಿಲಿಗೆ ಬಿಡಬಹುದು. ಮೊಬೈಲಿನಲ್ಲೇ ನೂರು ರೂಪಾಯಿ ಕಳಿಸುವುದು ಈಗ ಯಾರಿಗೂ ಕಷ್ಟವಲ್ಲ. ಹೊಸ ಗಿರಾಕಿಗೆ ಕಾಣದ ಊರಿನ ಕಾಣದ ಅಂಗಡಿಯನ್ನು ನಂಬುವುದು ಕಷ್ಟ ಎಂಬುದನ್ನು ಮಾತ್ರ ಮಾರುವವರು ಮರೆಯಬಾರದು. ಪೂರ್ತಿ ಹಣ ಮೊದಲೇ ಕೊಡಿ ಎನ್ನುವ ಬದಲು ಬಾಡಿಗೆಯಷ್ಟನ್ನೇ ಕೇಳುವುದರಿಂದ ಇಬ್ಬರೂ ಕಳೆದುಕೊಳ್ಳಬಹುದಾದದ್ದು ಒಂದು ಮಿತಿಯೊಳಗೆ ಉಳಿಯುತ್ತದೆ. ಪೆಟ್ಟಿಗೆ ತಲುಪಿದ ಮೇಲೆ ಅಂಚೆಯ ರಸೀದಿಯ ಫೋಟೊವನ್ನು ಗಿರಾಕಿಗೆ ಕಳಿಸಿ, ನಿಜವಾದ ಖರ್ಚು ಅಂದಾಜಿಗಿಂತ ಕಡಿಮೆಯಾಗಿದ್ದರೆ ಉಳಿದ ಹಣವನ್ನು ಮುಂದಿನ ಆರ್ಡರಿಗೆ ಜಮಾ ಮಾಡಿಕೊಳ್ಳಬಹುದು.